ಮಾತ್ರೆ ಶುರುವಾದ ಮೇಲೆ ಬಂದ ಇಸ್ಪೀಟಿನ ಚಟ

ಹೊಸನಗರ ತಾಲೂಕಿನ ಓದುಗರೊಬ್ಬರ ಪತ್ರ ಬಂದಿದೆ. ಅವರ ಮಾವನವರಿಗೆ ಪಾರ್ಕಿನ್ಸನ್ ಕಾಯಿಲೆ. ಪ್ರಮಿಪೆಕ್ಸೋಲ್ ಮಾತ್ರೆ ತಗೊಂಡ ಮೇಲೆ ಕೈ ನಡುಕ ಕಡಿಮೆಯಾಗಿದೆ. ಆದರೆ ಇಸ್ಪೀಟು ಎಲೆ ಮುಟ್ಟದಿದ್ದ ಮನುಷ್ಯ ಈಗ ಕದ್ದುಮುಚ್ಚಿ ಆಡಲು ಹೋಗುತ್ತಾರೆ, ಅಡಿಕೆ ಚೀಲ ಮಾರಿದ್ದಾರೆ. ನಡುರಾತ್ರಿ ಎದ್ದು ಜಗಲಿಯ ಲೈಟು ಹಾಕಿ, ಆರಿಸಿಟ್ಟ ಅಡಿಕೆಯನ್ನೇ ರಾಶಿ ಸುರಿದು ಮತ್ತೆ ಆರಿಸುತ್ತಾರೆ. ‘ಈ ವಯಸ್ಸಲ್ಲಿ ಇದೆಂಥ ಬುದ್ಧಿ? ಮಾತ್ರೆ ನಿಲ್ಲಿಸಿಬಿಡ್ಲಾ?’ ಎಂದು ಕೇಳಿದ್ದಾರೆ.

ಪ್ರಿಯ ಸೋದರಿ,

ಮಾತ್ರೆ ನಿಲ್ಲಿಸಬೇಡಿ. ಈ ಔಷಧವನ್ನು ಒಮ್ಮೆಲೇ ಬಿಟ್ಟರೆ ವಿಪರೀತ ಆತಂಕ, ಬೆವರು, ಖಿನ್ನತೆ ಬರಬಹುದು. ನಡುಕ, ಬಿಗಿತವೂ ಜಾಸ್ತಿಯಾಗುತ್ತದೆ. ಕಡಿಮೆ ಮಾಡುವುದಾದರೆ ಡಾಕ್ಟರೇ ಹಂತ ಹಂತವಾಗಿ ಮಾಡಬೇಕು.

ಇನ್ನು ಬುದ್ಧಿಯ ಮಾತು. ನೀವೇ ಬರೆದಿದ್ದೀರಿ, ಇದೆಲ್ಲ ಶುರುವಾಗಿದ್ದು ಮಾತ್ರೆಯ ಡೋಸ್ ಏರಿಸಿದ ಮೇಲೆ ಅಂತ. ನನಗೆ ಮುಖ್ಯವಾಗಿ ಕಂಡಿದ್ದು ಆ ಒಂದು ಸಾಲು. ಪಾರ್ಕಿನ್ಸನ್‌ನಲ್ಲಿ ಮಿದುಳಿನ ಡೋಪಮೀನ್ ಎಂಬ ರಾಸಾಯನಿಕ ಕಡಿಮೆಯಾಗುತ್ತದೆ. ಪ್ರಮಿಪೆಕ್ಸೋಲ್, ರೋಪಿನಿರೋಲ್‌ನಂಥ ಮಾತ್ರೆಗಳು ಅದರ ಕೆಲಸವನ್ನು ತಾವು ಮಾಡುತ್ತವೆ. ಆದರೆ ಡೋಪಮೀನ್ ಬರೀ ಕೈಕಾಲು ಆಡಿಸುವುದಿಲ್ಲ. ‘ಇನ್ನೊಂದು ಆಟ’ ಅನ್ನುವ ಸೆಳೆತದ ಹಿಂದೆಯೂ ಅದೇ ಇದೆ. ಕೈಕಾಲಿಗೆ ಸರಿಯಾದ ಡೋಸ್ ಮಿದುಳಿನ ಆ ಭಾಗಕ್ಕೆ ಅತಿಯಾದರೆ ಮನಸ್ಸಿನ ಕಡಿವಾಣ ಸಡಿಲವಾಗುತ್ತದೆ. ಜೂಜು, ಸುಮ್ನೆ ಸಾಮಾನು ಕೊಳ್ಳುವುದು, ಮಿತಿಮೀರಿ ತಿನ್ನುವುದು, ಕಾಮದ ಒತ್ತಡ, ಹೀಗೆ ನಾಲ್ಕು ದಾರಿಯಲ್ಲಿ ಇದು ಹೆಚ್ಚಾಗಿ ಕಾಣುತ್ತದೆ. ನಡುರಾತ್ರಿ ಅಡಿಕೆ ಆರಿಸುವುದೂ ಇದರದ್ದೇ ನೆಂಟ. ಅರ್ಥವಿಲ್ಲದ ಕೆಲಸವನ್ನೇ ಗಂಟೆಗಟ್ಟಲೆ ಮಾಡುವ ಈ ಲಕ್ಷಣಕ್ಕೆ ವೈದ್ಯರು ‘ಪಂಡಿಂಗ್’ ಅನ್ನುತ್ತಾರೆ.

ಇದು ನಿಮ್ಮ ಮನೆಯೊಂದರ ಕಥೆಯಲ್ಲ. ಅಮೆರಿಕ, ಕೆನಡಾದ 3,090 ಪಾರ್ಕಿನ್ಸನ್ ರೋಗಿಗಳ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಈ ಬಗೆಯ ಮಾತ್ರೆ ತಗೊಳ್ಳುವವರಲ್ಲಿ ಶೇ. 17ರಷ್ಟು ಮಂದಿಗೆ ಇಂಥ ತೊಂದರೆ ಇತ್ತು. ತಗೊಳ್ಳದವರಲ್ಲಿ ಶೇ. 7ರಷ್ಟು. ರೋಗಿ ನಾಚಿಕೆಯಿಂದ ಬಾಯಿ ಬಿಡುವುದಿಲ್ಲ, ಎಷ್ಟೋ ಸಲ ಡಾಕ್ಟರೂ ಕೇಳುವುದಿಲ್ಲ. ಮನೆಯವರು ಮಾತ್ರ ಕೆಟ್ಟ ಚಾಳಿ ಅಂದುಕೊಂಡು ಬೈಯುತ್ತಾರೆ. ಮರ್ಯಾದೆಯಿಂದ ಬದುಕಿದ ಹಿರಿಯರಿಗೆ ಅದಕ್ಕಿಂತ ದೊಡ್ಡ ನೋವು ಇದೆಯಾ?

ಮಾತ್ರೆಯಿಲ್ಲದೆಯೂ ಬರುವ ಇಂಥ ಕಾಯಿಲೆಗಳಿವೆ. ಬೇಡದ ವಸ್ತುವನ್ನು ಕದಿಯುವ ಕ್ಲೆಪ್ಟೋಮೇನಿಯಾ, ಸಣ್ಣ ಕಾರಣಕ್ಕೆ ಸ್ಫೋಟಿಸುವ ಸಿಟ್ಟು, ಬೆಂಕಿ ಹಚ್ಚುವ ಸೆಳೆತ. ಅವಕ್ಕೆ ಮುಖ್ಯವಾಗಿ ಆಪ್ತ ಸಮಾಲೋಚನೆ, ಕೆಲವರಿಗೆ ಫ್ಲೂಆಕ್ಸಿಟಿನ್ ಅಥವಾ ನಾಲ್ಟ್ರೆಕ್ಸೋನ್‌ನಂಥ ಔಷಧ.

ನಿಮ್ಮ ಮಾವನವರ ದಾರಿ ಬೇರೆ. ಯಾವ ಮಾತ್ರೆ, ಎಷ್ಟು ಡೋಸ್, ಯಾವ ತಿಂಗಳಿಂದ, ಇಸ್ಪೀಟು ಯಾವಾಗಿಂದ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಮಾತ್ರೆ ಕೊಟ್ಟ ನರರೋಗ ತಜ್ಞರಿಗೆ ತೋರಿಸಿ. ಸಾಮಾನ್ಯವಾಗಿ ಅವರು ಆ ಮಾತ್ರೆಯನ್ನು ನಿಧಾನವಾಗಿ ಇಳಿಸಿ, ಬೇಕಾದರೆ ಲೆವೊಡೋಪ (ಮಿದುಳಿನಲ್ಲಿ ಡೋಪಮೀನ್ ಆಗಿ ಬದಲಾಗುವ ಔಷಧ) ಹೊಂದಿಸುತ್ತಾರೆ. ಬಹಳಷ್ಟು ಜನರಲ್ಲಿ ಸೆಳೆತ ತಗ್ಗುತ್ತದೆ. ಯಾರೋ ಹೇಳಿದರು ಅಂತ ನಸುಗುನ್ನಿ ಬೀಜದ ಪುಡಿ ಕೊಡುತ್ತಿದ್ದರೆ ಅದನ್ನೂ ಮುಚ್ಚಿಡಬೇಡಿ. ಅದರಲ್ಲೂ ಲೆವೊಡೋಪ ಇದೆ.

ಜೊತೆಗೆ ಮನೋವೈದ್ಯರನ್ನೂ ಕಾಣಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇದೆ. ಸೆಳೆತ ಬರುವ ಹೊತ್ತು ಗುರುತಿಸಿ ಅದನ್ನು ದಾಟಿಸುವುದನ್ನು ಅಲ್ಲಿ ಕಲಿಸುತ್ತಾರೆ. ಅಲ್ಲಿಯವರೆಗೆ ಅಡಿಕೆ ಮಾರಿದ ದುಡ್ಡು ಜಂಟಿ ಖಾತೆಗೆ ಬೀಳಲಿ, ಎಟಿಎಂ ಕಾರ್ಡು ನಿಮ್ಮ ಯಜಮಾನರ ಹತ್ತಿರ ಇರಲಿ. ಇದನ್ನು ಮಾವನವರ ಬೆನ್ನ ಹಿಂದೆ ಮಾಡಬೇಡಿ, ಕೂತು ಮಾತಾಡಿ ಒಪ್ಪಿಸಿ. ‘ಇದು ಮಾತ್ರೆಯಿಂದ ಆಗಿರಬಹುದು, ನಿಮ್ಮ ತಪ್ಪಲ್ಲ’ ಅಂತ ನಿಮ್ಮ ಯಜಮಾನರ ಬಾಯಿಂದಲೇ ಬರಲಿ. ಮಾತ್ರೆ ಇಳಿಸುವಾಗ ಅವರು ತೀರಾ ಕಂಗೆಟ್ಟರೆ ತಕ್ಷಣ ಡಾಕ್ಟರಿಗೆ ತಿಳಿಸಿ. ರಾತ್ರಿ ಹೊತ್ತು ಯಾರ ಹತ್ತಿರ ಮಾತಾಡಬೇಕೋ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ. 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

- ಸಂಪಾದಕ