ಹೊರಚಾಚುವ ಕೋಣೆಯ ನೆಲ ಕುಂಬಾದಾಗ

ಪ್ರಶ್ನೆ: ಮಿನಿ ಬಸ್ಸಿನ ಚಾಸಿಯ ಮೇಲೆ ಕಟ್ಟಿದ ಹಳೆಯ ಕ್ಯಾರವಾನ್ ಒಂದನ್ನು ಕೊಂಡಿದ್ದೇವೆ. ಅದರ ಒಂದು ಪಕ್ಕದಲ್ಲಿ ಹೊರಕ್ಕೆ ಚಾಚಿಕೊಳ್ಳುವ ಸ್ಲೈಡ್‌ಔಟ್ ಕೋಣೆಯಿದೆ. ಎರಡು ಮಳೆಗಾಲ ಸದಾಶಿವಗಡದ ನಮ್ಮ ಅಂಗಳದಲ್ಲಿ, ತೆಂಗಿನ ಮರಗಳ ಕೆಳಗೆ ನಿಂತಿತ್ತು. ಈಗ ಆ ಕೋಣೆಯ ಹೊರ ಅಂಚಿನ ನೆಲ ಕಾಲಿಟ್ಟಲ್ಲಿ ಕುಸಿಯುತ್ತದೆ. ಮುಗ್ಗಲು ವಾಸನೆಯೂ ಇದೆ. ಹಳೆಯದರ ಮೇಲೆಯೇ ಹೊಸ ಪ್ಲೈವುಡ್ ಹೊಡೆದರೆ ಸಾಕೆಂದು ಬಡಗಿಯವರು ಹೇಳುತ್ತಾರೆ. ಚೌತಿಯೊಳಗೆ ಕೆಲಸ ಮುಗಿಸಬಹುದೇ?
– ಓದುಗರೊಬ್ಬರು, ಕಾರವಾರ

ಉತ್ತರ: ಬಡಗಿಯವರ ಈ ಸಲಹೆಯನ್ನು ಒಪ್ಪಬೇಡಿ. ಕುಂಬಾದ ಹಲಗೆಯ ಮೇಲೆ ಹೊಸದನ್ನು ಹೊಡೆದರೆ ಒಳಗಿನ ತೇವ ಆರುವ ದಾರಿ ಮುಚ್ಚಿಹೋಗಿ, ಹಳೆಯ ಹಲಗೆಯ ಶಿಲೀಂಧ್ರ ಹೊಸದಕ್ಕೂ ಹತ್ತುತ್ತದೆ. ಸ್ಕ್ರೂಗಳಿಗೂ ಕಚ್ಚಿಕೊಳ್ಳಲು ಗಟ್ಟಿ ಮರವಿರುವುದಿಲ್ಲ. ಹಲವು ಗಾಡಿಗಳಲ್ಲಿ ಇಂಥ ಕೋಣೆಯ ಭಾರವೆಲ್ಲ ನೆಲದ ಹಲಗೆಯ ಮೂಲಕವೇ ಕೆಳಗಿನ ರೋಲರುಗಳಿಗೆ ಇಳಿಯುವುದರಿಂದ, ಹಲಗೆ ಮೆತ್ತಗಾದರೆ ಕೋಣೆಯೇ ಓರೆಯಾಗಿ ಮೋಟಾರು ಎಳೆಯಲಾರದೆ ನಿಲ್ಲುತ್ತದೆ.

ನೆಲಕ್ಕೆ ಕೈಹಾಕುವ ಮೊದಲು ನೀರು ಎಲ್ಲಿಂದ ಬಂತೆಂದು ಪತ್ತೆಮಾಡಬೇಕು. ಒಬ್ಬರು ಟಾರ್ಚ್ ಹಿಡಿದು ಒಳಗೆ ಕುಳಿತಿರಲಿ, ಇನ್ನೊಬ್ಬರು ಪೈಪಿನಿಂದ ಮೊದಲು ಕೋಣೆಯ ಕೆಳ ಅಂಚಿಗೆ, ಐದು ನಿಮಿಷ ಬಿಟ್ಟು ಪಕ್ಕಗಳಿಗೆ, ಕೊನೆಗೆ ಮಾಡಿಗೆ ನೀರು ಹಾಯಿಸಲಿ. ಮೇಲಿನಿಂದ ಶುರುಮಾಡಿದರೆ ಇಳಿದ ನೀರು ಎಲ್ಲ ಕಡೆಯೂ ಹರಿದು, ಸೋರಿದ ಜಾಗ ಯಾವುದೆಂದು ತಿಳಿಯುವುದಿಲ್ಲ. ಸಾಮಾನ್ಯವಾಗಿ ತಪ್ಪು ಸಿಗುವುದು ಮೂಲೆಗಳಲ್ಲಿ, ಗಟ್ಟಿಯಾಗಿ ಬಿರುಕುಬಿಟ್ಟ ರಬ್ಬರ್ ಸೀಲಿನಲ್ಲಿ. ನಿಮ್ಮಲ್ಲಿ ತೆಂಗಿನ ಹೂವಿನ ಉದುರು ಸೀಲಿನ ಸಂದಿಯಲ್ಲಿ ಸೇರಿ ಒದ್ದೆಬಟ್ಟೆಯಂತೆ ನೀರು ಹಿಡಿದಿಟ್ಟುಕೊಂಡಿರುವ ಸಾಧ್ಯತೆಯೂ ಇದೆ. ಮಳೆಯಲ್ಲಿ ನೆನೆದ ಮಾಡನ್ನು ಒರೆಸದೆ ಕೋಣೆಯನ್ನು ಒಳಗೆ ಎಳೆದುಕೊಳ್ಳುವವರು ಆ ನೀರನ್ನೂ ಒಳಗೆ ತಂದುಕೊಳ್ಳುತ್ತಾರೆ.

ದುರಸ್ತಿಯ ದಿನ ಬ್ಯಾಟರಿಯ ಸಂಪರ್ಕ ತಪ್ಪಿಸಿ, ಹೊರಚಾಚಿದ ಕೋಣೆಯ ಅಡಿಗೆ ಗಟ್ಟಿ ಆಧಾರ ಕೊಟ್ಟ ಮೇಲೆಯೇ ಕೆಳಗೆ ತೂರಬೇಕು. ಸ್ಕ್ರೂಡ್ರೈವರಿನ ತುದಿಯಿಂದ ಹಲಗೆಯನ್ನು ಚುಚ್ಚುತ್ತ ಹೋದರೆ ಮೆತ್ತಗಿನ ಭಾಗದ ಗಡಿ ಗೊತ್ತಾಗುತ್ತದೆ. ಅದರಿಂದ ಅರ್ಧ ಅಡಿಯಾದರೂ ಆಚೆಗೆ ಕತ್ತರಿಸಿರಿ. ಕಟ್ಟರ್ ಮಷಿನ್ನಿನ ಅಲಗು ಹಲಗೆಯ ದಪ್ಪಕ್ಕಿಂತ ಕೆಳಗಿಳಿಯದಂತೆ ಹೊಂದಿಸದಿದ್ದರೆ ಕೆಳಗಿನ ವೈರುಗಳು ತುಂಡಾಗುತ್ತವೆ. ಹೊಸ ಹಲಗೆ ಹಳೆಯಷ್ಟೇ ದಪ್ಪದ್ದಾಗಿರಲಿ. ಅದರ ಮೇಲೆ ಐ.ಎಸ್. 710 ಎಂಬ ಮುದ್ರೆಯಿರಬೇಕು. ಇದು ಮರೈನ್ ಪ್ಲೈವುಡ್ಡಿನ, ಅಂದರೆ ದೋಣಿ-ಹಡಗುಗಳಿಗೆ ಬಳಸುವ ಪ್ಲೈವುಡ್ಡಿನ, ಭಾರತೀಯ ಮಾನಕ. 72 ಗಂಟೆ ಕುದಿಸಿದರೂ ಪದರಗಳ ಅಂಟು ಬಿಡಬಾರದೆಂಬುದು ಅದರ ಪರೀಕ್ಷೆ. ಆದರೆ ಅಂಟು ಬಿಡದಿದ್ದರೂ ಮರ ನೀರು ಕುಡಿಯುತ್ತದೆ, ಅದರಲ್ಲೂ ಕತ್ತರಿಸಿದ ಅಂಚು ಬಹಳ ಕುಡಿಯುತ್ತದೆ. ಆದುದರಿಂದ ಅಂಚುಗಳಿಗೆ ಎಪಾಕ್ಸಿಯನ್ನು (ಎರಡು ದ್ರವಗಳನ್ನು ಬೆರೆಸಿದಾಗ ಗಟ್ಟಿಯಾಗುವ ರಾಳ) ಮೂರು ಸಲ ಬಳಿಯಿರಿ.

ಸ್ಕ್ರೂ ಹಾಕುವಲ್ಲಿ ದೋಣಿ ಕಟ್ಟುವವರ ಒಂದು ಕ್ರಮ ನನಗೆ ಬಹಳ ಹಿಡಿಸುತ್ತದೆ: ಮೊದಲು ಬೇಕಾದುದಕ್ಕಿಂತ ದೊಡ್ಡ ತೂತು ಕೊರೆದು ಎಪಾಕ್ಸಿ ತುಂಬುವುದು, ಅದು ಗಟ್ಟಿಯಾದ ಮೇಲೆ ಅದರ ನಡುವೆ ಸಣ್ಣ ತೂತು ಕೊರೆದು ಸ್ಕ್ರೂ ತಿರುಗಿಸುವುದು. ಆಗ ತೂತಿನ ಮೂಲಕ ನೀರು ಮರವನ್ನು ಮುಟ್ಟುವುದೇ ಇಲ್ಲ. ಉಪ್ಪುಗಾಳಿಯ ಊರಿನಲ್ಲಿ ಸ್ಕ್ರೂಗಳು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನವಾಗಿರುವುದು ಲೇಸು. ಫೈಬರ್ ದೋಣಿ ಮಾಡುವವರು ಬಳಸುವ ಸಾಮಾನ್ಯ ಪಾಲಿಯೆಸ್ಟರ್ ರಾಳ ಅಗ್ಗವಾದರೂ ಮರಕ್ಕೆ ಎಪಾಕ್ಸಿಯಷ್ಟು ಬಿಗಿಯಾಗಿ ಅಂಟುವುದಿಲ್ಲ. ಕೋಣೆಯ ನೆಲದ ಅಡಿಯ ಹೊದಿಕೆ ಹರಿದಿದ್ದರೆ ತೇಪೆ ಹಾಕದೆ ಪೂರ್ತಿ ಬದಲಾಯಿಸಿರಿ. ರೋಲರ್ ಉಜ್ಜಿದ ಜಾಗದಲ್ಲಿ ತೇಪೆ ನಿಲ್ಲುವುದಿಲ್ಲ.

ಚೌತಿಯೊಳಗೆ ಮುಗಿಸುವ ಆಸೆಯನ್ನು ಬಿಡಿ. ಮರದ ತೇವಾಂಶ ಶೇ. 20ಕ್ಕಿಂತ ಕೆಳಗಿಳಿದರೆ ಮಾತ್ರ ಕುಂಬಿನ ಶಿಲೀಂಧ್ರದ ಬೆಳವಣಿಗೆ ನಿಲ್ಲುತ್ತದೆ, ಕಾರವಾರದ ಮಳೆಗಾಲದ ಗಾಳಿಯಲ್ಲಿ ಅಷ್ಟು ಒಣಗಿಸುವುದು ಕಷ್ಟ. ಎಪಾಕ್ಸಿಯ ಮೇಲೂ ತೇವದಿಂದ ಜಿಗುಟು ಪೊರೆ ಕಟ್ಟಬಹುದು. ದೀಪಾವಳಿ ಕಳೆದು ಒಣಹವೆ ಶುರುವಾದ ಮೇಲೆ ಕೆಲಸ ಹಿಡಿಯಿರಿ. ಅಲ್ಲಿಯವರೆಗೆ ಗಾಡಿಯನ್ನು ಮರದಡಿಯಿಂದ ಸರಿಸಿ, ಕೋಣೆಯ ಹೊರಭಾಗ ಸ್ವಲ್ಪ ತಗ್ಗಿರುವಂತೆ ನಿಲ್ಲಿಸಿ, ತಾಡಪತ್ರಿಯನ್ನು ಮೈಗೆ ತಾಗದಂತೆ ಬಿದಿರಿನ ಚೌಕಟ್ಟಿನ ಮೇಲೆ ಎತ್ತಿ ಕಟ್ಟಿರಿ.