ಹಾಲು ಕರೆಯುವುದು ಅಮ್ಮ, ಪಾಸ್‌ಬುಕ್ ಅಪ್ಪನದು

ಪ್ರಶ್ನೆ: ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. ಊರು ಮಾಗಡಿ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿ ಮೂರು ಸೀಮೆಹಸುಗಳನ್ನು ನೋಡಿಕೊಳ್ಳುವವರು ಅಮ್ಮ. ಡೈರಿಯ (ಊರಿನ ಹಾಲು ಉತ್ಪಾದಕರ ಸಹಕಾರ ಸಂಘದ) ಸದಸ್ಯತ್ವ ಅಪ್ಪನ ಹೆಸರಿನಲ್ಲಿದೆ, ಬಟವಾಡೆ ಅವರ ಖಾತೆಗೇ ಬೀಳುತ್ತದೆ. ಮೊನ್ನೆ ಹಲ್ಲುನೋವಿಗೆ ಆಸ್ಪತ್ರೆಗೆ ಹೋಗಲು ಅಮ್ಮ ನನ್ನ ಬಳಿ ಹಣ ಕೇಳಿದರು. ಸದಸ್ಯತ್ವವನ್ನು ಅಮ್ಮನ ಹೆಸರಿಗೆ ಮಾಡಿಸೋಣವೆಂದರೆ ‘ಮನೆ ಒಡೆಯುತ್ತೀಯಾ?’ ಎಂದು ಅಣ್ಣ ರೇಗುತ್ತಾನೆ. ಏನು ಮಾಡಲಿ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಹಲ್ಲುನೋವಿನ ಆ ಸಾಲು ನನ್ನನ್ನು ಬಹಳ ಕಾಡಿತು. ಹಾಲು ಒಕ್ಕೂಟದಲ್ಲಿ ದುಡಿದವಳು ನಾನು. ಮೂರು ಹಸುಗಳ ಚಾಕರಿ ಎಂಥದ್ದೆಂದು ಬಲ್ಲೆ. ನಸುಕಿನಲ್ಲೇ ಸಗಣಿ ಬಾಚಬೇಕು, ಕೆಚ್ಚಲು ತೊಳೆದು ಹಾಲು ಕರೆಯಬೇಕು, ಕ್ಯಾನು ಹೊತ್ತು ಡೈರಿಯ ಮುಂದೆ ಸಾಲಿನಲ್ಲಿ ನಿಲ್ಲಬೇಕು. ಆಮೇಲೆ ಹುಲ್ಲು, ಹಿಂಡಿ, ಬೂಸಾ. ಸಂಜೆ ಮತ್ತೆ ಅದೇ. ಕೆಚ್ಚಲು ಬಾವು ಶುರುವಾದರೆ ಮೊದಲು ಗೊತ್ತಾಗುವುದು ಕರೆಯುವ ಬೆರಳುಗಳಿಗೆ. ಹಾಲಿನಲ್ಲಿ ಫ್ಯಾಟ್ ಕಡಿಮೆ ಬಂದರೆ ಮಾತು ಕೇಳಬೇಕಾದವರೂ ಅಮ್ಮನೇ. ಡೈರಿಯ ಚೀಟಿಯಲ್ಲಿ ಮಾತ್ರ ಯಜಮಾನರ ಹೆಸರು.

ಆ ಹೆಸರಿಗೆ ಎಷ್ಟು ಬೆಲೆ ಇದೆಯೆಂದು ನಿಮ್ಮ ಅಣ್ಣ ಯೋಚಿಸಿರಲಿಕ್ಕಿಲ್ಲ. ಹಾಲಿನ ಹಣ, ಬೋನಸ್, ಲೀಟರಿಗೆ ಇಷ್ಟೆಂದು ಸರ್ಕಾರ ಕೊಡುವ ಪ್ರೋತ್ಸಾಹಧನ ಎಲ್ಲವೂ ಆ ಹೆಸರಿಗೇ ಬರುತ್ತವೆ. 2019ರಿಂದ ಪಶುಪಾಲನೆಗೂ ಕಿಸಾನ್ ಕ್ರೆಡಿಟ್ ಕಾರ್ಡ್ ಸಾಲ ಸಿಗುತ್ತಿದೆ. ಆದರೆ ತನ್ನ ಹೆಸರಿನಲ್ಲಿ ಒಂದು ಹನಿ ಹಾಲಿನ ಲೆಕ್ಕವೂ ಇಲ್ಲದ ಹೆಂಗಸು ಬ್ಯಾಂಕಿಗೆ ಹೋಗಿ ಏನನ್ನು ತೋರಿಸಬೇಕು? ಹಣದ ಮಾತಾಯಿತು, ಇನ್ನು ಅಧಿಕಾರದ ಮಾತು. ನಮ್ಮ ರಾಜ್ಯ 1987ರ ಮಂಡಲ ಪಂಚಾಯತಿ (ಈಗಿನ ಗ್ರಾಮ ಪಂಚಾಯತಿಯ ಹಿಂದಿನ ರೂಪ) ಚುನಾವಣೆಯಲ್ಲೇ ಮಹಿಳೆಯರಿಗೆ ಕಾಲು ಭಾಗ ಸ್ಥಾನ ಕೊಟ್ಟಿತು. 2010ರಲ್ಲಿ ಅದನ್ನು ಅರ್ಧಕ್ಕೇರಿಸಿತು. ಪಂಚಾಯತಿಗೆ ನಿಲ್ಲಲು 21 ವರ್ಷ ತುಂಬಿರಬೇಕು, ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು; ಯಾವ ಸಂಘದ ಸದಸ್ಯತ್ವವೂ ಬೇಕಿಲ್ಲ. ಡೈರಿಯ ಆಡಳಿತ ಮಂಡಳಿಯಲ್ಲೂ ಮಹಿಳೆಯರಿಗೆ ಮೀಸಲು ಸ್ಥಾನಗಳಿವೆ, ಆದರೆ ಅವು ಸಂಘದ ಷೇರು ಪಡೆದ ಸದಸ್ಯರಿಗೆ ಮಾತ್ರ. ಷೇರು ಗಂಡಂದಿರ ಹೆಸರಿನಲ್ಲಿದ್ದರೆ ಆ ಮೀಸಲಾತಿ ಯಾರಿಗೆ ದಕ್ಕೀತು?

ಮೊದಲು ಅಮ್ಮನನ್ನೇ ಕೇಳಿ. ಅವರಿಗೆ ಬೇಕೆನಿಸಿದರೆ ಸಂಘದ ಉಪವಿಧಿ (ಬೈಲಾ) ತರಿಸಿ ಓದಿ. ಒಂದೇ ಮನೆಯ ಇಬ್ಬರಿಗೆ ಸದಸ್ಯತ್ವ ಕೊಡಲು ಅವಕಾಶವಿದ್ದರೆ ಅಪ್ಪನದನ್ನು ಮುಟ್ಟಬೇಡಿ. ಒಂದು ಹಸುವಿನ ಹಾಲನ್ನು ಅಮ್ಮನ ಹೆಸರಿಗೆ ಹಾಕಲಿ. ಇಲ್ಲದಿದ್ದರೆ ವರ್ಗಾವಣೆಗೆ ಅಪ್ಪನ ಒಪ್ಪಿಗೆ ಬೇಕು. ಈ ಮಾತನ್ನು ಅಣ್ಣನಿಲ್ಲದ ಹೊತ್ತಿನಲ್ಲಿ ಅಪ್ಪನ ಮುಂದಿಡಿ. ಅನೇಕ ಗಂಡಸರು ಒಬ್ಬರೇ ಇದ್ದಾಗ ನ್ಯಾಯಕ್ಕೆ ಒಪ್ಪುತ್ತಾರೆ. ಅರ್ಜಿಯನ್ನು ಬರವಣಿಗೆಯಲ್ಲೇ ಕೊಟ್ಟು ಸ್ವೀಕೃತಿ ಪಡೆಯಿರಿ. ಕಾರ್ಯದರ್ಶಿ ಸತಾಯಿಸಿದರೆ ಸಹಕಾರ ಸಂಘಗಳ ಸಹಾಯಕ ನಿಬಂಧಕರ ಕಚೇರಿಗೆ ಹೋಗಿ. ಹತ್ತಿರದಲ್ಲಿ ಮಹಿಳಾ ಹಾಲು ಉತ್ಪಾದಕರ ಸಂಘವಿದ್ದರೆ ಅಲ್ಲಿಯೂ ವಿಚಾರಿಸಿ.

ಇನ್ನೊಂದು ಮಾತು: ಖಾತೆ ಅಮ್ಮನದಾದರೂ ಅದಕ್ಕೆ ಜೋಡಿಸಿದ ಮೊಬೈಲ್ ಅಣ್ಣನದಾದರೆ ಉಪಯೋಗವಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಅವರದೇ ಸಿಮ್ ಹಾಕಿದ ಫೋನ್ ಕೊಟ್ಟು, ಹಣ ಬಂದ ಸಂದೇಶವನ್ನು ಓದುವುದನ್ನು ಪಕ್ಕದಲ್ಲಿ ಕುಳಿತು ಕಲಿಸಿ. ಅದಕ್ಕಿಂತ ಮುಂಚೆ ಅವರ ಹಲ್ಲು ತೋರಿಸಿ.