ಕೇಪ್ ಕೋಸ್ಟ್ ಸಂತೆಯ ಚಿತ್ರವನ್ನು ಏಕೆ ಅಚ್ಚು ಹಾಕಿದೆವು?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಪಶ್ಚಿಮ ಆಫ್ರಿಕದ ಸಂತೆಯ ಹಳೆಯ ತಾಮ್ರದಚ್ಚಿನ ಚಿತ್ರ ನೋಡಿ ಬೇಸರವಾಯಿತು. ಅರೆಬತ್ತಲೆ ಜನರನ್ನು ಬಿಳಿಯರು ತಮಗೆ ತೋಚಿದಂತೆ ಬರೆದ ವಸಾಹತುಶಾಹಿ ಚಿತ್ರಗಳನ್ನು ಇಂದಿಗೂ ಮೆರೆಸಬೇಕೆ?

ಸಂಪಾದಕರ ಉತ್ತರ:

ಮಾನ್ಯರೇ, ನಿಮ್ಮ ಸಿಟ್ಟು ನ್ಯಾಯವಾದದ್ದು. ಡಚ್ ವ್ಯಾಪಾರಿ ಪೀಟರ್ ದೆ ಮರೇಸ್ ಗಿನಿ ಕರಾವಳಿಯ ಬಗ್ಗೆ ಬರೆದು 1602ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಪ್ರಕಟವಾದ ಪುಸ್ತಕದ ಚಿತ್ರವಿದು. ಇದರಲ್ಲಿರುವುದು ಇಂದಿನ ಘಾನಾದ ಕರಾವಳಿಯ ಊರಾದ ಕೇಪ್ ಕೋಸ್ಟಿನ ಸಂತೆ. ಆ ಜನರನ್ನು ಹೀಗಳೆಯುವ ಮಾತುಗಳು ಅದರಲ್ಲಿ ಸಾಕಷ್ಟಿವೆ. ಮರುವರ್ಷವೇ ಫ್ರಾಂಕ್‌ಫರ್ಟಿನ ದೆ ಬ್ರಿ ಸಹೋದರರು ಈ ಚಿತ್ರಗಳನ್ನು ಹೊಸದಾಗಿ ಕೊರೆದರು. ಆಫ್ರಿಕದ ನೆಲ ತುಳಿಯದ ಅವರು ಅಲ್ಲಿಯ ಜನರಿಗೆ ರೋಮನ್ ಶಿಲ್ಪಗಳ ಮೈಕಟ್ಟು ಕೊಟ್ಟರು. ಗಿನಿಯ ಈ ಸಂಪುಟವನ್ನು ತಮ್ಮ ‘ಪೂರ್ವ ಇಂಡಿಯಾ’ ಮಾಲಿಕೆಗೆ ಸೇರಿಸಿದರು. ಆದ್ದರಿಂದ ಚಿತ್ರದಲ್ಲಿರುವ ಮುಖ, ಮೈ, ನಿಲುವುಗಳನ್ನು ನಂಬಬೇಡಿ ಎಂದು ನಾನೂ ಹೇಳುತ್ತೇನೆ.

ಆದರೆ ಚಿತ್ರದೊಳಗೆ ಅಲ್ಲಲ್ಲಿ ಸಣ್ಣ ಅಕ್ಷರಗಳಿವೆ, ಒಂದೊಂದಕ್ಕೂ ವಿವರಣೆಯಿದೆ. ದಯವಿಟ್ಟು ಅವುಗಳ ಮೇಲೆ ಕಣ್ಣಾಡಿಸಿ. ಬಾಳೆಹಣ್ಣಿಗೆ ಒಂದು ಜಾಗ, ತಾಳೆ ಹೆಂಡಕ್ಕೆ ಇನ್ನೊಂದು. ಕೋಳಿ, ಮೀನು, ಸೌದೆ, ಧಾನ್ಯ, ಕಬ್ಬು, ಕುಡಿಯುವ ನೀರು, ಎಲ್ಲಕ್ಕೂ ಗೊತ್ತುಪಡಿಸಿದ ನೆಲೆ. ಡಚ್ಚರು ತಂದ ಬಟ್ಟೆಗೆ ಸಿಕ್ಕಿರುವುದು ಇವುಗಳ ನಡುವೆ ಒಂದು ಮೂಲೆ, ಅಷ್ಟೆ. ಹಳ್ಳಿಯ ಹೆಂಗಸರು ಬೆಳಗಿನ ಜಾವವೇ ತಲೆಯ ಮೇಲೆ ಹೊರೆ ಹೊತ್ತು ಬಂದು, ಮಾರಾಟ ಮುಗಿಸಿ, ಮೀನು ಕೊಂಡು ಒಳನಾಡಿಗೆ ಮರಳುತ್ತಿದ್ದರೆಂದು ದೆ ಮರೇಸ್ ಬರೆದಿದ್ದಾನೆ.

ನನಗೆ ಬಹಳ ಮೆಚ್ಚುಗೆಯಾದದ್ದು ಅದೇ ಕರಾವಳಿಯ ಎಲ್ಮಿನಾ ಊರಿನಿಂದ ರೊಟ್ಟಿ ಮಾರಲು ಬಂದ ಹೆಂಗಸರ ಜಾಗ. ಎಲ್ಮಿನಾದಲ್ಲಿ 1482ರಲ್ಲಿ ಕಟ್ಟಿದ ಪೋರ್ಚುಗೀಸರ ಕೋಟೆಯಿತ್ತು. ಪೋರ್ಚುಗೀಸರಿಗೂ ಡಚ್ಚರಿಗೂ ಹಗೆತನ. ಆ ಹಗೆತನ ಈ ಹೆಂಗಸರನ್ನು ತಡೆದಿಲ್ಲ! ಅವರ ಸರಕು ಮೆಕ್ಕೆಜೋಳದ ಕೆಂಕಿ. ಅಮೆರಿಕದಿಂದ ಸಾಗರ ದಾಟಿ ಬಂದ ಬೆಳೆ ಒಂದು ಶತಮಾನದೊಳಗೆ ಆ ಕರಾವಳಿಯ ದಿನದ ಊಟವಾಗಿತ್ತು. ಹುಳಿ ಬರಿಸಿದ ಹಿಟ್ಟನ್ನು ಸಿಪ್ಪೆಯಲ್ಲೋ ಎಲೆಯಲ್ಲೋ ಸುತ್ತಿ ಬೇಯಿಸಿದ ಕೆಂಕಿಯನ್ನು ಘಾನಾದ ಜನ ಈಗಲೂ ಮೀನಿನ ಜೊತೆ ತಿನ್ನುತ್ತಾರೆ.

ಇನ್ನು ‘ವಸಾಹತುಶಾಹಿ’ ಎಂಬ ಮಾತು. ಬ್ರಿಟಿಷರು ಗೋಲ್ಡ್ ಕೋಸ್ಟನ್ನು, ಅಂದರೆ ಇಂದಿನ ಘಾನಾದ ಕರಾವಳಿಯನ್ನು, ವಸಾಹತೆಂದು ಘೋಷಿಸಿದ್ದು 1874ರಲ್ಲಿ. ಈ ಚಿತ್ರದ ಕಾಲಕ್ಕೆ ಕೇಪ್ ಕೋಸ್ಟಿನಲ್ಲಿ ಯುರೋಪಿನವರ ಆಳ್ವಿಕೆ ಇರಲಿಲ್ಲ, ಅವರು ಗಿರಾಕಿಗಳು. ವಿವರಣೆಯ ಮೊದಲ ಅಕ್ಷರ ಸಂದಿರುವುದು ಊರಿನ ಯಜಮಾನನ ಮನೆಗೆ. ಮುಂದೆ ಇದೇ ಊರಿನ ಕೋಟೆಯ ನೆಲಮಾಳಿಗೆಗಳಲ್ಲಿ ಗುಲಾಮರನ್ನು ಕೂಡಿಹಾಕಿ ಹಡಗಿಗೆ ತುಂಬಿದರು. ಕೇಪ್ ಕೋಸ್ಟ್ ಎಂದರೆ ಜಗತ್ತಿಗೆ ನೆನಪಾಗುವುದು ಆ ನೆಲಮಾಳಿಗೆಗಳೇ. ಅದಕ್ಕೂ ಮುಂಚೆ ತನ್ನ ಸಂತೆಯನ್ನು ತಾನೇ ನಡೆಸಿಕೊಂಡಿದ್ದ ಊರೊಂದು ಅಲ್ಲಿತ್ತು. ಚಿತ್ರವನ್ನು ಮುಚ್ಚಿಟ್ಟರೆ ಆ ಊರೂ ಮರೆಯಾಗುತ್ತದೆ.

ಮುಂದಿನ ಸಂಚಿಕೆಯಲ್ಲಿ ಅಕ್ಷರಗಳ ವಿವರಣೆಯನ್ನು ಪೂರ್ತಿಯಾಗಿ ಕನ್ನಡದಲ್ಲಿ ಕೊಡುತ್ತೇವೆ. ಆಮ್‌ಸ್ಟರ್‌ಡ್ಯಾಮ್ ಮತ್ತು ಫ್ರಾಂಕ್‌ಫರ್ಟಿನ ಎರಡೂ ಅಚ್ಚುಗಳನ್ನು ಅಕ್ಕಪಕ್ಕದಲ್ಲಿ ಹಾಕುತ್ತೇವೆ. ನೋಡಿದ ಮೇಲೆ ಮತ್ತೆ ಬರೆಯಿರಿ.